ಬಲಗಾಲಿನ ಪೆಡಲು

ಕಾರ್ಕಳ
12 ಫೆಬ್ರವರಿ 2025

ಧೃತಿಯ ಪಪ್ಪನಿಗೆ,

ನೀವು ಸೊಹಾರ್ ತಲುಪಿ ಡ್ಯೂಟಿಗೆ ಸೇರಿದಿರಿ ಎಂದು ರತ್ನಕ್ಕ ಹೇಳಿದರು. ಇನ್ನು ದಿನಾ ಸಂಜೆ ವಿಡಿಯೊ ಕಾಲ್ ಮಾಡುವುದು ಬೇಡ. ನೀವು ಮಾತಾಡುವುದು, ನಾನು ತಲೆಯಾಡಿಸುವುದು, ಮಧ್ಯೆ ಧೃತಿ ನನ್ನ ಮುಖ ನೋಡಿ "ಅಮ್ಮ ಹೌದು ಅಂತಿದ್ದಾರೆ" ಎಂದು ನಿಮಗೆ ಹೇಳುವುದು. ಮೂವರಿಗೂ ಅದು ಸುಸ್ತು. ಫೋನಿನಲ್ಲಿ ಕನ್ನಡ ಒತ್ತಿ ಬರೆಯಲು ನನಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಪ್ಯಾಡಿನಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತೇನೆ. ನೀವೂ ಹಾಗೆಯೇ ಮಾಡಿ.

ದವಡೆಗೆ ಕಟ್ಟಿದ ತಂತಿ ಹಾಗೆಯೇ ಉಂಟು. ಮುಂದಿನ ತಿಂಗಳು ಬಿಚ್ಚುತ್ತಾರಂತೆ. ಗಂಟಲಿಗೆ ಆದ ಪೆಟ್ಟು ಬೇರೆ ವಿಷಯ. ಸ್ವರ ಬರಬಹುದು, ಬಾರದೆಯೂ ಇರಬಹುದು ಎಂದು ಮಣಿಪಾಲದ ಡಾಕ್ಟರು ಹೇಳಿದರು. ಅವರು ಒಳ್ಳೆಯವರು, ಹೇಳುವಾಗ ನನ್ನನ್ನು ನೋಡಿಯೇ ಹೇಳಿದರು.

ರತ್ನಕ್ಕ ಹಿರಿಯಡ್ಕದಿಂದ ಬಸ್ಸಿನಲ್ಲಿ ಬಂದು ಗಂಜಿ ಅರೆದು ಸೋಸಿ ಇಟ್ಟು ಹೋಗುತ್ತಾರೆ. ಸ್ಟ್ರಾ ಹಾಕಿ ಕುಡಿಯುತ್ತೇನೆ. ಉಪ್ಪು ಸರಿ ಉಂಟಾ ಎಂದು ನಿಮ್ಮ ಅಕ್ಕ ದಿನಾ ಕೇಳುತ್ತಾರೆ. ನನಗೆ ಉಪ್ಪೂ ಗೊತ್ತಾಗುವುದಿಲ್ಲ, ಸಪ್ಪೆಯೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಎತ್ತಿ ತೋರಿಸುತ್ತೇನೆ. ಅಂಗಡಿ ಮುಚ್ಚಿದೆ. ಮದುವೆ ಸೀಸನ್ನಿಗೆ ಅರ್ಧ ಹೊಲಿದಿಟ್ಟ ಬ್ಲೌಸುಗಳನ್ನು ಧೃತಿ ಚೀಟಿಯ ಹೆಸರು ನೋಡಿ ಅವರವರಿಗೆ ವಾಪಸು ಕೊಟ್ಟಳು.

ತನಿಖೆಯವರು ಇಬ್ಬರು ಬಂದಿದ್ದರು. ವಿಮಾನ ಇಳಿಯುವಾಗ ನೀವು ಕಂಡದ್ದನ್ನು ಬರೆದು ಕೊಡಿ ಎಂದರು. ಸ್ವಲ್ಪ ಸಮಯ ಕೊಡಿ ಎಂದು ಬರೆದು ತೋರಿಸಿದೆ.

ನಿಮ್ಮ ಗೆಳೆಯ, ಗ್ಯಾರೇಜಿನ ರೋನಿಯೂ ಬಂದಿದ್ದರು. ಚಾವಡಿಯಲ್ಲಿ ಕುಳಿತು ಚಹಾ ಆರುವವರೆಗೆ ಏನೂ ಮಾತಾಡಲಿಲ್ಲ. ನಾನಂತೂ ಮಾತಾಡುವ ಹಾಗಿಲ್ಲ. ಹೋಗುವಾಗ ಗೋಡೆ ಹಿಡಿದುಕೊಂಡು ಚಪ್ಪಲಿ ಹಾಕಿದರು.

ತುಳು ಮಾತಾಡುವ ನಾವು ಹೀಗೆ ಕನ್ನಡದಲ್ಲಿ ಬರೆದುಕೊಂಡರೆ ಎಲ್ಲ ಬೇರೆ ಯಾರದೋ ವಿಷಯದ ಹಾಗೆ ಕಾಣುತ್ತದೆ. ಸದ್ಯಕ್ಕೆ ಅದೇ ಒಳ್ಳೆಯದು.

ಪ್ರಫುಲ್ಲಾ


ಸೊಹಾರ್, ಒಮಾನ್
16 ಫೆಬ್ರವರಿ 2025

ಪ್ರೀತಿಯ ಪ್ರಫುಲ್ಲಾ,

ಮದುವೆಯಾದ ಮೇಲೆ ನೀನು ನನಗೆ ಕಾಗದ ಬರೆದದ್ದು ಇದೇ ಮೊದಲು. ಮೂರು ಸಲ ಓದಿದೆ. ನನ್ನ ಹಣೆಯ ಹೊಲಿಗೆ ಬಿಚ್ಚಿದ್ದಾರೆ. ಇಲ್ಲಿನವರು ಕೇಳಿದರೆ ಬೈಕಿನಿಂದ ಬಿದ್ದೆ ಎಂದು ಹೇಳಿದ್ದೇನೆ. ವಿಮಾನ ಎಂದರೆ ವಿವರಿಸಬೇಕಾಗುತ್ತದೆ.

ನಿನಗೆ ಮಾತ್ರ ವಿವರಿಸಬೇಕು ಎಂದು ಅನ್ನಿಸುತ್ತದೆ. ಆ ದಿನ ಎಲ್ಲ ಸರಿಯೇ ಇತ್ತು. ಹಿಂದಿನ ವಾರ ನಾನೊಬ್ಬನೇ ಎಷ್ಟು ಸಲ ಹಾರಿಸಿ ಇಳಿಸಿದ್ದೆ, ನೀನೇ ನಿಂತು ನೋಡಿದ್ದಿ. ಕಾಪುವಿನಲ್ಲಿ ನಿನ್ನ ತವರುಮನೆಯ ಮೇಲೆ ಎರಡು ಸುತ್ತು ಹಾಕಿದಾಗ ನಿನ್ನ ತಮ್ಮ ಮಹಡಿಯ ಮೇಲೆ ನಿಂತು ಟವೆಲ್ ಬೀಸಿದ್ದು ನಿನಗೆ ಕಂಡಿತಲ್ಲವೇ? ಬರುವಾಗ ನಂದಿಕೂರಿನ ಪವರ್ ಪ್ಲಾಂಟಿನ ಚಿಮಣಿಯ ಹೊಗೆ ನೋಡಿದೆ. ಪೂರ್ವಕ್ಕೆ ವಾಲಿತ್ತು. ಕಡಲ ಗಾಳಿ ಎದ್ದಿದೆ ಎಂದು ಆಗಲೇ ಅಂದುಕೊಂಡೆ. ಕಾರ್ಕಳದ ಪಾದೆಯ ಕಲ್ಲುಬಯಲಿನ ಮೇಲಿನ ನಮ್ಮ ರನ್‌ವೇ ದಕ್ಷಿಣೋತ್ತರ, ಗಾಳಿ ಎಡಗಡೆಯಿಂದ ಅಡ್ಡ ಬರುತ್ತಿತ್ತು. ಅದೇನೂ ಇಳಿಸಲಾಗದಂಥ ಗಾಳಿಯಲ್ಲ.

ನಮ್ಮ ವಿಮಾನಕ್ಕೆ ಮುಂದೆ ಎರಡು ಚಕ್ರ, ಬಾಲದ ಅಡಿಯಲ್ಲಿ ಒಂದು ಪುಟ್ಟ ಚಕ್ರ. ಇಂಥದ್ದು ನೆಲಕ್ಕೆ ಬಂದ ಮೇಲೆಯೇ ತುಂಟತನ ಮಾಡುವುದು. ಬಾಲ ಒಂದು ಕಡೆಗೆ ಓಡಲು ನೋಡುತ್ತದೆ, ಪೆಡಲು ಒತ್ತಿ ನೇರ ಇಡಬೇಕು. ಆ ಪುಟ್ಟ ಚಕ್ರದ ಬ್ರ್ಯಾಕೆಟ್ ತುಂಡಾಗಿ ಬಿದ್ದದ್ದನ್ನು ನಾನು ಮರುದಿನ ನೋಡಿದೆ. ರೋನಿ ವೆಲ್ಡ್ ಮಾಡಿದ ಜಾಗದಲ್ಲಿಯೇ ತುಂಡಾಗಿದೆ. ನೆಲ ಮುಟ್ಟಿದ ಕೂಡಲೇ ಅದು ಹೋಗಿರಬೇಕು. ಆಮೇಲೆ ಯಾರಿದ್ದರೂ ಏನೂ ಮಾಡುವ ಹಾಗಿರಲಿಲ್ಲ. ಮೂತಿ ಎಡಕ್ಕೆ ತಿರುಗಿತು, ಬಲಗಡೆಯ ರೆಕ್ಕೆ ನೆಲಕ್ಕೆ ತಾಗಿತು, ಮಗುಚಿತು. ನೀನು ಬಲಗಡೆ ಕುಳಿತಿದ್ದಿ.

ತನಿಖೆಯವರಿಗೆ ಹೀಗೆಯೇ ಬರೆದು ಕೊಟ್ಟಿದ್ದೇನೆ. ರೋನಿಯನ್ನು ದೂರುವುದಲ್ಲ. ಎಂಥ ಕೈಯಿಂದಲೂ ಒಂದು ವೆಲ್ಡಿಂಗ್ ತಪ್ಪಬಹುದು. ಎಷ್ಟು ವರ್ಷದ ರಜೆಗಳನ್ನು ಅವನ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲೇ ಕಳೆದೆ. ಪೈಪು ಬೆಸೆದದ್ದು ಅವನು, ಇಂಜಿನ್ ಕೂರಿಸಿದ್ದು ನಾನು, ರೆಕ್ಕೆಯ ಬಟ್ಟೆ ಹೊಲಿದದ್ದು ನೀನು.

ಔಷಧಿ ತಪ್ಪಿಸಬೇಡ.

ವಿಠಲ


ಕಾರ್ಕಳ
9 ಮಾರ್ಚ್ 2025

ಧೃತಿಯ ಪಪ್ಪನಿಗೆ,

ತಂತಿ ಬಿಚ್ಚಿದರು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಅರೆಯದೆ ತಿಂದೆ. ರತ್ನಕ್ಕ ಅತ್ತರು. ನಾನು ಅಳುತ್ತೇನೋ ಎಂದು ಕಾದೆ, ಬರಲಿಲ್ಲ.

ಸ್ವರಕ್ಕೆ ಮಣಿಪಾಲದಲ್ಲಿ ಅಭ್ಯಾಸ ಮಾಡಿಸುತ್ತಾರೆ. ಅಕ್ಷಿತಾ ಎಂಬ ಹುಡುಗಿ. ಲೋಟದ ನೀರಿನೊಳಗೆ ಸ್ಟ್ರಾ ಇಟ್ಟು ಗುಳ್ಳೆ ಬರುವ ಹಾಗೆ ಊದಬೇಕು, ಊದುತ್ತಲೇ ಒಳಗಿನಿಂದ ಒಂದು ಗುಂಯ್ ಎನ್ನುವ ಸದ್ದು ತರಬೇಕು. ಗುಳ್ಳೆ ಬರುತ್ತದೆ, ಸದ್ದು ಇಲ್ಲ. ವಾರಕ್ಕೆ ಎರಡು ದಿನ ಹೋಗುತ್ತೇನೆ. ಬಸ್ಸಿನಲ್ಲಿ ಕಂಡಕ್ಟರಿಗೆ ಮಣಿಪಾಲ ಎಂದು ಬರೆದ ಚೀಟಿ ತೋರಿಸುತ್ತೇನೆ. ಅವನಿಗೆ ಈಗ ಗುರುತಾಗಿದೆ.

ಬ್ರ್ಯಾಕೆಟ್ ವಿಷಯ ಓದಿದೆ.

ರೋನಿ ಗ್ಯಾರೇಜ್ ಮುಚ್ಚಿದ್ದಾರೆ ಎಂದು ಧೃತಿ ಶಾಲೆಯಿಂದ ಬರುವಾಗ ನೋಡಿದಳು. ಶಟರ್ ಎಳೆದಿತ್ತಂತೆ.

ಪ್ರಫುಲ್ಲಾ


ಸೊಹಾರ್
14 ಮಾರ್ಚ್ 2025

ಪ್ರೀತಿಯ ಪ್ರಫುಲ್ಲಾ,

ಗಂಜಿ ತಿಂದ ಸುದ್ದಿ ಓದಿ ಕ್ಯಾಂಟೀನಿನಲ್ಲಿ ಎರಡು ಚಪಾತಿ ಹೆಚ್ಚು ತಿಂದೆ. ಬ್ರ್ಯಾಕೆಟ್ ವಿಷಯ ಓದಿದೆ ಎಂದು ನೀನು ಬರೆದದ್ದು ಮನಸ್ಸಿಗೆ ದೊಡ್ಡ ಸಮಾಧಾನ. ನೀನು ನನ್ನ ಮೇಲೆ ಸಿಟ್ಟಿನಲ್ಲಿದ್ದಿಯೋ ಏನೋ ಎಂದು ಹೆದರಿದ್ದೆ.

ಒಂದು ಉಪಕಾರ ಆಗಬೇಕು. ತನಿಖೆಯವರು ನಿನ್ನ ಹೇಳಿಕೆಗೆ ಕಾಯುತ್ತಿದ್ದಾರೆ. ನೆಲ ಮುಟ್ಟಿದಾಗ ಹಿಂದಿನಿಂದ ಟಕ್ಕೆಂದು ಏನೋ ಮುರಿದ ಸದ್ದು ಕೇಳಿತು ಎಂದು ನೀನೂ ಒಂದು ಸಾಲು ಬರೆದರೆ ಫೈಲ್ ಮುಗಿಯುತ್ತದೆ. ಕೇಳಿಸಿರಲೇಬೇಕು. ನಿನ್ನ ಕಿವಿ ನನಗಿಂತ ಚುರುಕು.

ಇನ್ನೊಂದು. ಇಂಜಿನಿಗೆ ಹೆಚ್ಚು ಪೆಟ್ಟಾಗಿಲ್ಲ. ಎಡ ರೆಕ್ಕೆ ಹಾಗೆಯೇ ಉಂಟು. ಬಲ ರೆಕ್ಕೆಯ ಚೌಕಟ್ಟನ್ನು ನಾನು ಜುಲೈಯಲ್ಲಿ ಬಂದು ಸರಿ ಮಾಡುತ್ತೇನೆ. ಬಟ್ಟೆ ಮಾತ್ರ ನೀನು ಮತ್ತೆ ಹೊಲಿಯಬೇಕು. ನಿನ್ನ ಹೊಲಿಗೆ ಒಂದೂ ಬಿಚ್ಚಿಲ್ಲ, ಹರಿದದ್ದು ಬಟ್ಟೆ. ಅವಸರ ಇಲ್ಲ. ಧೃತಿಗೆ ಎಷ್ಟು ದಿನದಿಂದ ಆಸೆ. ಈ ಸಲ ಅವಳನ್ನು ಕೂರಿಸಿಕೊಂಡು ಹೋಗುತ್ತೇನೆ.

ರೋನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ವಿಠಲ


ಸೊಹಾರ್
6 ಏಪ್ರಿಲ್ 2025

ಪ್ರಫುಲ್ಲಾ,

ಕಾಗದ ಇಲ್ಲ. ರತ್ನಕ್ಕನನ್ನು ಕೇಳಿದರೆ ನೀನು ಆರಾಮ ಇದ್ದಿ, ಸ್ವರ ಮಾತ್ರ ಬಂದಿಲ್ಲ ಎನ್ನುತ್ತಾರೆ. ಧೃತಿ ಫೋನಿನಲ್ಲಿ ಪರೀಕ್ಷೆಯ ವಿಷಯ ಮಾತ್ರ ಹೇಳುತ್ತಾಳೆ.

ಪ್ಲಾಂಟಿನಲ್ಲಿ ಶಟ್‌ಡೌನ್ ಕೆಲಸ. ಪಂಪು ಬಿಚ್ಚುವುದು, ಜೋಡಿಸುವುದು. ಕೈ ಕೆಲಸ ಮಾಡುತ್ತದೆ, ತಲೆಯೊಳಗೆ ಏನೂ ಇರುವುದಿಲ್ಲ. ಮೊನ್ನೆ ಒಂದು ವಾಲ್ವ್ ಎದುರು ಸ್ಪ್ಯಾನರ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಜೊತೆಯವನು ಬಂದು ಭುಜ ಮುಟ್ಟಿದ. ಇಲ್ಲಿ ಬಿಸಿಲು ಶುರುವಾಗಿದೆ, ಅದಕ್ಕೇ ಇರಬೇಕು.

ಒಂದು ಸಾಲು ಬರೆ.

ವಿಠಲ


ಕಾರ್ಕಳ
20 ಏಪ್ರಿಲ್ 2025

ಧೃತಿಯ ಪಪ್ಪನಿಗೆ,

ಬಿಸು ಹಬ್ಬಕ್ಕೆ ರತ್ನಕ್ಕನ ಮನೆಗೆ ಹೋಗಿ ಬಂದೆವು. ಧೃತಿ ಪಾಸಾದಳು, ಗಣಿತದಲ್ಲಿ ಸ್ವಲ್ಪ ಕಡಿಮೆ. ಅಂಗಡಿ ಬೆಳಿಗ್ಗೆ ಹೊತ್ತು ತೆರೆಯುತ್ತೇನೆ. ಅಳತೆ ತೆಗೆಯಲು ಮಾತು ಬೇಕಾಗುವುದಿಲ್ಲ.

ರೆಕ್ಕೆಗೆ ಬಟ್ಟೆ ಹೊಲಿಯುವುದು ನನ್ನಿಂದ ಆಗದು. ಧೃತಿಯನ್ನು ಕೂರಿಸುವ ಮಾತು ಇನ್ನೊಮ್ಮೆ ಕಾಗದದಲ್ಲಿಯೂ ಬರೆಯಬೇಡಿ.

ತನಿಖೆಯವರಿಗೆ ಇನ್ನೂ ಬರೆದಿಲ್ಲ.

ಪ್ರಫುಲ್ಲಾ


ಸೊಹಾರ್
11 ಮೇ 2025

ಪ್ರಫುಲ್ಲಾ,

ನಿನ್ನೆ ರೋನಿ ಫೋನ್ ಮಾಡಿದ. ಜನವರಿಯಿಂದ ನನ್ನ ಒಂದು ಫೋನನ್ನೂ ಎತ್ತದವನು ತಾನಾಗಿ ಮಾಡಿದ. "ಪ್ರಫುಲ್ಲಕ್ಕ ಮನೆಗೆ ಬಂದಿದ್ದರು ಮಾರಾಯ, ಬಾಯಿ ಬಿಟ್ಟು ಹೇಳಿದರು," ಎಂದ. ಎಂತ ಹೇಳಿದಳು ಎಂದು ಕೇಳಿದೆ. ಅದನ್ನು ನೀನು ಅವರನ್ನೇ ಕೇಳು ಎಂದು ಇಟ್ಟುಬಿಟ್ಟ.

ಧೃತಿಗೆ ಫೋನ್ ಮಾಡಿದೆ. ಅಮ್ಮನಿಗೆ ಯಾವಾಗ ಸ್ವರ ಬಂತು ಎಂದು ಕೇಳಿದ್ದಕ್ಕೆ, ಬಿಸುವಿಗೆ ಮೊದಲೇ ಬಂದಿತ್ತು ಎಂದಳು.

ನೀನು ಏಪ್ರಿಲಿನಲ್ಲಿ ಬರೆದ ಕಾಗದವನ್ನು ತೆಗೆದು ನೋಡಿದೆ. ಅಳತೆ ತೆಗೆಯಲು ಮಾತು ಬೇಕಾಗುವುದಿಲ್ಲ ಎಂದು ಬರೆದಿದ್ದಿ. ಸುಳ್ಳಲ್ಲ, ಆದರೆ ನನಗೆ ಸುಳ್ಳು ಹೇಳಿದ ಹಾಗೆಯೇ ಆಯಿತು. ಇಲ್ಲಿ ಪ್ರತಿ ಶುಕ್ರವಾರ ರಜೆಯ ದಿನ, ಸ್ವರ ಬಂದರೆ ಮೊದಲು ನನಗೆ ಎಂತ ಹೇಳಬಹುದು ಎಂದು ಯೋಚಿಸುತ್ತಾ ಮಲಗಿರುತ್ತಿದ್ದೆ. ನೀನು ರೋನಿಯ ಮನೆಗೆ ಹೋಗಿ ಮಾತಾಡಿದಿ.

ಎಂತ ಹೇಳಿದಿ?

ವಿಠಲ


ಕಾರ್ಕಳ
15 ಮೇ 2025

ಧೃತಿಯ ಪಪ್ಪನಿಗೆ,

ಸ್ವರ ಬಂದದ್ದು ನಿಜ. ಮಣಿಪಾಲದಲ್ಲಿ ಒಂದು ದಿನ ನೀರಿನ ಗುಳ್ಳೆಯ ಜೊತೆಗೆ ಸದ್ದೂ ಬಂತು. ಅಕ್ಷಿತಾ ನನ್ನ ಕೈ ಹಿಡಿದುಕೊಂಡಳು. ಗಂಡಸಿನ ಹಾಗೆ ಒಡಕು ಸ್ವರ, ನನ್ನದಲ್ಲ. ಮನೆಗೆ ಬಂದು ಧೃತಿಯನ್ನು ಹೆಸರು ಹಿಡಿದು ಕರೆದೆ. ಅವಳು ಹೆದರಿ ತಿರುಗಿ ನೋಡಿದಳು, ಆಮೇಲೆ ಬಂದು ತಬ್ಬಿಕೊಂಡಳು. ಪಪ್ಪನಿಗೂ ಅತ್ತೆಗೂ ಈಗಲೇ ಹೇಳಬೇಡ ಎಂದೆ. ರತ್ನಕ್ಕನ ಎದುರಿನಲ್ಲಿ ಮೊದಲಿನ ಹಾಗೆಯೇ ಬರೆದು ತೋರಿಸುತ್ತಿದ್ದೆ. ಅವರು ನಿಮಗೆ ಸುಳ್ಳು ಹೇಳಿದ್ದಲ್ಲ.

ಯಾಕೆ ಎಂದು ಕೇಳುತ್ತೀರಿ. ಸ್ವರ ಬಂತು ಎಂದರೆ ನೀವು ಫೋನ್ ಮಾಡುತ್ತೀರಿ. ಫೋನ್ ಮಾಡಿದರೆ ಟಕ್ಕೆಂಬ ಸದ್ದು ಕೇಳಿತಲ್ಲವೇ ಎನ್ನುತ್ತೀರಿ. ಕಾಗದವಾದರೆ ಉತ್ತರಿಸದೆ ಇರಬಹುದು, ಫೋನಿನಲ್ಲಿ ಸುಮ್ಮನಿದ್ದರೆ ಅದೂ ಒಂದು ಉತ್ತರ ಆಗುತ್ತದೆ. ನನಗೆ ಇನ್ನೂ ಸ್ವಲ್ಪ ಕಾಲ ಏನೂ ಹೇಳದೆ ಇರಬೇಕಿತ್ತು.

ಆದರೆ ಈ ತಿಂಗಳ ಮೊದಲ ಭಾನುವಾರ ರೋನಿಯ ಹೆಂಡತಿ ಅಂಗಡಿಗೆ ಬಂದಿದ್ದರು. ಹೊಲಿಸಲು ಬಂದದ್ದಲ್ಲ. ಸ್ಟೂಲಿನ ಮೇಲೆ ಕುಳಿತು, ಗಂಡ ಕೆಲಸಕ್ಕೆ ಹೋಗುವುದಿಲ್ಲ, ವೆಲ್ಡಿಂಗ್ ಮೆಷಿನ್ ಮಾರಲು ಹೇಳಿದ್ದಾರೆ, ಇಗರ್ಜಿಗೆ ಬಂದರೂ ಹೊರಗೆಯೇ ನಿಲ್ಲುತ್ತಾರೆ ಎಂದರು. "ಒಂದು ಹೆಂಗಸಿನ ಮಾತು ಕಿತ್ತುಕೊಂಡೆ ಎಂದು ಹೇಳುತ್ತಾರೆ, ಪ್ರಫುಲ್ಲಕ್ಕ," ಎಂದರು. ನಾನು ಅಂಗಡಿಗೆ ಬೀಗ ಹಾಕಿ ಅವರ ಜೊತೆಗೇ ಹೋದೆ.

ರೋನಿ ಅಂಗಳದಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದರು, ಕೈಗೆಲ್ಲ ಎಣ್ಣೆ. ನನ್ನನ್ನು ನೋಡಿ ಎದ್ದು ನಿಂತರು. ನಾನು ಹೇಳಿದೆ: "ರೋನಿ, ವಿಮಾನ ತಿರುಗಿದ್ದು ನಿಮ್ಮ ವೆಲ್ಡಿಂಗಿನಿಂದ ಅಲ್ಲ. ಇವರು ಪೆಡಲು ಒತ್ತಲಿಲ್ಲ."

ಅಷ್ಟೇ ಹೇಳಿದ್ದು. ಅವರು ಕೈಯ ಎಣ್ಣೆ ಒರೆಸಿಕೊಂಡು ನನಗೆ ಕುರ್ಚಿ ತಂದಿಟ್ಟರು.

ಈಗ ನಿಮಗೆ ಪೂರ್ತಿ ಬರೆಯುತ್ತೇನೆ. ನನ್ನ ಸೀಟಿನ ಎದುರಿನಲ್ಲಿಯೂ ಪೆಡಲು ಇದ್ದವು. ಕಾಲು ಹಿಂದಕ್ಕೆ ಎಳೆದುಕೊಂಡು ಕುಳಿತುಕೋ, ಅವುಗಳನ್ನು ಮುಟ್ಟಬೇಡ ಎಂದು ನೀವು ಹತ್ತುವ ಮೊದಲೇ ಹೇಳಿದ್ದಿರಿ. ಹಾಗೆಯೇ ಕುಳಿತಿದ್ದೆ. ನೀವು ಒತ್ತಿದ ಹಾಗೆ ನನ್ನೆದುರಿನವೂ ತಾವಾಗಿ ಹೋಗಿ ಬರುತ್ತಿದ್ದವು, ನನ್ನ ಹೊಲಿಗೆ ಮೆಷಿನ್ನಿನ ಮೆಟ್ಟುಹಲಗೆಯ ಹಾಗೆ. ಕಾಪುವಿನಿಂದ ಬರುವಾಗ ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು, ಹಾಗಾಗಿ ಅವನ್ನೇ ನೋಡುತ್ತಾ ಬಂದೆ. ಇಳಿಯುವಾಗ ಬೇಗ ಬೇಗ ಅಲ್ಲಾಡುತ್ತಿದ್ದವು. ಮುಂದಿನ ಚಕ್ರಗಳು ನೆಲ ಮುಟ್ಟಿದವು. ಆಮೇಲೆ ಪೆಡಲು ನಿಂತವು. ಎರಡೂ ಸಮ ನಿಂತವು. ಮೂತಿ ಎಡಕ್ಕೆ ತಿರುಗಲು ಶುರುವಾಯಿತು. ಬಲಗಾಲಿನದು ಒಳಗೆ ಹೋಗಬೇಕು ಎಂದು ನನಗೂ ಗೊತ್ತಿತ್ತು, ಊಟದ ಮೇಜಿನ ಮೇಲೆ ತಟ್ಟೆ ತಿರುಗಿಸಿ ಎಷ್ಟು ಸಲ ತೋರಿಸಿದ್ದೀರಿ. ಅದು ಹೋಗಲಿಲ್ಲ. ನಾನು ನಿಮ್ಮ ಮುಖ ನೋಡಿದೆ. ನೀವು ನೇರ ಎದುರು ನೋಡುತ್ತಿದ್ದಿರಿ, ಬಸ್ಸಿನ ಕಿಟಕಿಯಿಂದ ನೋಡುವವರ ಹಾಗೆ.

ಬ್ರ್ಯಾಕೆಟ್ ಆಗ ಹೇಗೆ ಮುರಿಯುತ್ತದೆ? ಬಾಲ ನೆಲಕ್ಕೆ ಬಂದೇ ಇರಲಿಲ್ಲ. ಅದು ಮುರಿದದ್ದು ಮಗುಚುವಾಗ ಇರಬೇಕು. ಎದುರಿನ ಪಾದೆ ಪೂರ್ತಿ ಕಾಣುತ್ತಿತ್ತು, ಕೊನೆಯ ಬೇಲಿಯವರೆಗೆ. ಬಾಲ ಇಳಿದರೆ ಮೂತಿ ಮೇಲೆ ಬಂದು ಎದುರಿನದೆಲ್ಲ ಮುಚ್ಚುತ್ತದೆ ಎಂದು ನೀವೇ ಹೇಳಿದ್ದು.

ನನಗೆ ಸಿಟ್ಟು ಬಂದಿಲ್ಲ. ಬರಬೇಕಿತ್ತು ಎಂದು ಕಾಣುತ್ತದೆ. ನೀವು ಮನುಷ್ಯರು, ಒಂದು ಗಳಿಗೆ ಕಾಲು ಓಡಲಿಲ್ಲ, ಅದನ್ನು ಯಾರಾದರೂ ಕ್ಷಮಿಸಬಹುದು. ಅದನ್ನು ರೋನಿಯ ತಲೆಗೆ ಕಟ್ಟಿದಿರಿ, ನನ್ನ ಕೈಯಿಂದಲೂ ಕಟ್ಟಿಸಲು ನೋಡಿದಿರಿ. ಅದನ್ನು ಎಲ್ಲಿ ಇಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ.

ತನಿಖೆಯವರಿಗೆ ಇವತ್ತು ಬರೆದು ಕೊಟ್ಟೆ. ನಾನು ಕಂಡದ್ದು ಮಾತ್ರ.

ಪ್ರಫುಲ್ಲಾ


ಸೊಹಾರ್
2 ಜೂನ್ 2025

ಪ್ರಫುಲ್ಲಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ನನಗೆ ನೆನಪಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಚಕ್ರ ನೆಲಕ್ಕೆ ತಾಗಿದ್ದು ನೆನಪುಂಟು. ಅದರ ಮುಂದಿನದು ಎಂದರೆ ನಾನು ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದೆ, ಪೆಟ್ರೋಲಿನ ವಾಸನೆ, ನಿನ್ನ ಕಡೆಯಿಂದ ಒಂದು ಸದ್ದು. ಮಧ್ಯೆ ಏನೂ ಇಲ್ಲ. ಹುಡುಕಿದರೆ ಖಾಲಿ. ಹೆದರಿಕೆಯೂ ನೆನಪಿಲ್ಲ. ಮರುದಿನ ತುಂಡಾದ ಬ್ರ್ಯಾಕೆಟ್ ನೋಡಿದಾಗ ಆ ಖಾಲಿ ಜಾಗಕ್ಕೆ ಅದು ಸರಿಯಾಗಿ ಕೂತಿತು. ಆಮೇಲೆ ಬರೆಯುತ್ತಾ ಬರೆಯುತ್ತಾ ಟಕ್ಕೆಂಬ ಸದ್ದೂ ಕೇಳತೊಡಗಿತು. ನೀನು ನಂಬುತ್ತಿಯೋ ಇಲ್ಲವೋ, ಈಗಲೂ ನನಗೆ ಆ ಸದ್ದು ಕೇಳುತ್ತದೆ. ಆಗಿಯೇ ಇರದ ಸದ್ದು.

ನೀನು ಕಂಡದ್ದೇ ಆದದ್ದು. ಅದರಲ್ಲಿ ನನಗೆ ಸಂಶಯ ಇಲ್ಲ. ಎದುರಿನ ಬೇಲಿ ಕಾಣುತ್ತಿತ್ತು ಎಂದು ಓದಿದ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ನನ್ನ ಮೊದಲ ಹೇಳಿಕೆ ತಪ್ಪು, ಬ್ರ್ಯಾಕೆಟ್ ಕಾರಣವಲ್ಲ, ನಾನು ಪೆಡಲು ಒತ್ತಲಿಲ್ಲ ಎಂದು ತನಿಖೆಯವರಿಗೆ ಬರೆದು ಕಳಿಸಿದ್ದೇನೆ. ಲೈಸೆನ್ಸ್ ಹೋಗಬಹುದು, ಹೋಗಲಿ.

ರೋನಿಗೂ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿ, "ಆಯ್ತು ಮಾರಾಯ," ಎಂದು ಇಟ್ಟ.

ಜುಲೈ ಕೊನೆಗೆ ರಜೆ ಸಿಕ್ಕಿದೆ. ರತ್ನಕ್ಕನಿಗೆ ಹೇಳಿದರೆ ಹಿರಿಯಡ್ಕದಲ್ಲಿ ಅವರ ಮನೆಯಲ್ಲಿ ಇರಬಹುದು. ಧೃತಿಯನ್ನು ಅಲ್ಲಿಗೆ ಕಳಿಸಿದರೂ ಸಾಕು. ನೀನು ಹೇಗೆ ಹೇಳುತ್ತಿಯೋ ಹಾಗೆ. ಯೋಚಿಸಿ ಬರೆ, ಫೋನ್ ಮಾಡುವುದು ಬೇಡ. ನಾನೂ ಮಾಡುವುದಿಲ್ಲ.

ವಿಠಲ


ಕಾರ್ಕಳ
13 ಜುಲೈ 2025

ಧೃತಿಯ ಪಪ್ಪನಿಗೆ,

ಉತ್ತರ ಬರೆಯಲು ತಡವಾಯಿತು. ಬೇಕೆಂದೇ ತಡ ಮಾಡಿದ್ದಲ್ಲ. ದಿನಾ ಬರೆಯಲು ಕೂರುತ್ತಿದ್ದೆ, ಏನು ಅನ್ನಿಸುತ್ತದೆ ಎಂದು ಗೊತ್ತಾದ ಮೇಲೆ ಬರೆಯುವ ಎಂದು ಏಳುತ್ತಿದ್ದೆ. ಈಗಲೂ ಗೊತ್ತಾಗಿಲ್ಲ. ರಜೆ ಹತ್ತಿರ ಬಂತು, ಹಾಗಾಗಿ ಬರೆಯುತ್ತಿದ್ದೇನೆ.

ನೆನಪಿಲ್ಲ ಎಂದು ನೀವು ಬರೆದದ್ದನ್ನು ನಂಬುತ್ತೇನೆ.

ಸ್ವರ ಇಷ್ಟೇ ಎಂದು ಅಕ್ಷಿತಾ ಹೇಳಿದಳು. ಇನ್ನು ಹೆಚ್ಚು ಸರಿಯಾಗುವುದಿಲ್ಲ. ಅಂಗಡಿಗೆ ಬರುವವರು ಮೊದಲು ಬೆಚ್ಚುತ್ತಾರೆ, ಎರಡನೆಯ ಸಲಕ್ಕೆ ಅಭ್ಯಾಸವಾಗುತ್ತದೆ. ನಿಮಗೂ ಹಾಗೆಯೇ ಆಗಬಹುದು. ಬೆಚ್ಚಿದರೆ ಮುಚ್ಚಿಡಬೇಡಿ.

ರೋನಿ ಶಟರ್ ತೆರೆದಿದ್ದಾರೆ. ಟಯರು, ಬ್ರೇಕು, ಆಯಿಲ್ ಎಲ್ಲ ನೋಡುತ್ತಾರೆ. ಯಾರಾದರೂ ವೆಲ್ಡಿಂಗಿಗೆ ಬಂದರೆ ಮಾತ್ರ ಜೋಡುರಸ್ತೆಯ ಇನ್ನೊಂದು ಅಂಗಡಿಗೆ ಕಳಿಸುತ್ತಾರಂತೆ. ನನ್ನದಲ್ಲ ತಪ್ಪು ಎಂದು ತಲೆಗೆ ಗೊತ್ತು, ಕೈಗೆ ಗೊತ್ತಾಗುವುದಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿದರಂತೆ. ನಿಮ್ಮ ಒಂದು ಫೋನಿಗೆ ಅದು ಹೋಗುವ ಹಾಗೆ ಕಾಣುವುದಿಲ್ಲ.

ಹಿರಿಯಡ್ಕದಲ್ಲಿ ಇರುವುದು ಬೇಡ. ಜನ ಕೇಳುತ್ತಾರೆ ಎಂದಲ್ಲ, ಧೃತಿ ಕೇಳುತ್ತಾಳೆ. ಅವಳಿಗೆ ಎಲ್ಲ ಹೇಳಿದ್ದೇನೆ. ಪಪ್ಪನಿಗೆ ಹೆದರಿಕೆ ಆಗಿತ್ತಾ ಎಂದು ಕೇಳಿದಳು. ಅವರು ಬಂದ ಮೇಲೆ ಅವರನ್ನೇ ಕೇಳು ಎಂದಿದ್ದೇನೆ. ಉತ್ತರ ಯೋಚಿಸಿಟ್ಟುಕೊಂಡು ಬನ್ನಿ.

ಮಂಗಳೂರಿನಲ್ಲಿ ಇಳಿದು ಟ್ಯಾಕ್ಸಿ ಮಾಡಿದರೆ ನೇರ ಮನೆಗೆ ಬರಬೇಡಿ. ಮೊದಲು ರೋನಿಯ ಗ್ಯಾರೇಜಿನಲ್ಲಿ ಇಳಿಯಿರಿ. ಅವರು ನಿಮ್ಮನ್ನು ನೋಡಿ ಒಳಗೆ ಹೋದರೂ ಹೊರಗೆ ಕುಳಿತುಕೊಳ್ಳಿ. ಮುಖ ನೋಡಿ ಹೇಳಿ. ಅವರು ಏನೂ ಮಾತಾಡದಿದ್ದರೆ ನೀವೂ ಸುಮ್ಮನೆ ಕುಳಿತಿರಿ, ನನ್ನ ಚಾವಡಿಯಲ್ಲಿ ಅವರು ಕುಳಿತ ಹಾಗೆ.

ಆಮೇಲೆ ಮನೆಗೆ ಬನ್ನಿ. ಎಷ್ಟು ತಡವಾದರೂ ನಾನೂ ಧೃತಿಯೂ ಊಟ ಮಾಡದೆ ಕಾಯುತ್ತೇವೆ.

ಪ್ರಫುಲ್ಲಾ